ಹೊಲಿದ ಬಾಗಿಲು

“ಏನಮ್ಮ, ಮಾಟ ಹಾಕೋಕೆ ಬರೋ ಕೈಗೆ ಒಂದು ಕೇಸು ಹಾಕೋಕೆ ಬರಲಿಲ್ವಾ?”

ಮನೆ ಕೊಳ್ಳುತ್ತಿದ್ದ ವೈರ್‌ಮನ್ ಅಷ್ಟೂ ಜನರ ಎದುರಿಗೆ ಕೇಳಿದ. ನೋಂದಣಿ ಕಚೇರಿಯ ಗುಮಾಸ್ತ ಹೆಬ್ಬೆಟ್ಟಿನ ಯಂತ್ರ ಹಿಡಿದುಕೊಂಡೇ ನಕ್ಕ. ಕ್ರಯಪತ್ರ ಬರೆದವನು ನಕ್ಕ. ಕಾಂಪೌಂಡಿನಾಚೆ ಇಣುಕುತ್ತಿದ್ದ ನೆರೆಯವರೂ ನಕ್ಕರು. ಗೇಟಿನ ಹೊರಗೆ ನಿಂತಿದ್ದ ಟೈಲರಕ್ಕ ಮಾತ್ರ ನಗಲಿಲ್ಲ. ಅಳತೆಯ ಟೇಪು ಅವಳ ಕತ್ತಿನಲ್ಲಿ ಸತ್ತ ಹಾವಿನಂತೆ ಜೋತುಬಿದ್ದಿತ್ತು.

“ಈ ಮನೇಲಿ ನನಗೂ ಅರ್ಧ ಪಾಲಿದೆ ತಮ್ಮಾ. ಅಪ್ಪ ಸತ್ತಾಗ ನಮ್ಮಣ್ಣ ತಾನೊಬ್ಬನೇ ವಾರಸುದಾರ ಅಂತ ಬರೆಸಿ ಖಾತೆ ಮಾಡಿಸ್ಕೊಂಡ. ಮಗಳು ಅಂತ ಒಬ್ಬಳಿದಾಳೆ ಅನ್ನೋದನ್ನೇ ನುಂಗಿಬಿಟ್ಟ. ನನ್ನ ರುಜು ಇಲ್ಲದೆ ಈ ಮನೆಗೆ ಯಜಮಾನ ಆದವನು ಹೊಸ್ತಿಲು ದಾಟಿ ಹೊರಗೆ ಬರಲ್ಲ. ಬೇಕಾದ್ರೆ ಅವನನ್ನೇ ಕೇಳು, ಬೀದಿ ನೋಡಿ ಎಷ್ಟು ಕಾಲ ಆಯ್ತು ಅಂತ.”

ಮನೆ ಮಾರುತ್ತಿದ್ದ ಅವಳ ಅಣ್ಣ ಒಳಗೆ ಮಂಚದ ಮೇಲೆ ಸೊಂಟದವರೆಗೆ ಕಂಬಳಿ ಹೊದ್ದು ಗೋಡೆ ನೋಡುತ್ತಿದ್ದ. ಕಾಲು ಬಿದ್ದುಹೋಗಿವೆ ಎಂದು ಅರ್ಜಿ ಕೊಟ್ಟಿದ್ದ. ಏಳಲಾರದ ರೋಗಿಯ ಮನೆಗೆ ನೋಂದಣಿಯವರೇ ಬರುವುದುಂಟು, ಹಾಗೆ ಬಂದಿದ್ದರು.

ವೈರ್‌ಮನ್ನನ ಹೆಂಡತಿ ಅವನ ತೋಳು ಜಗ್ಗಿದಳು. “ರೀ, ಒಂದ್ಸಲ ವಕೀಲರಿಗೆ ತೋರಿಸೋಣ. ಆಮೇಲೆ... ನನ್ನ ಹೆಸರೂ ಸೇರಿಸಿ. ನನ್ನ ಸರಾನೂ ಇದರೊಳಗೇ ಹೋಗಿದೆಯಲ್ಲ.”

“ಗ್ಯಾಸ್ ಬಿಲ್ಲಲ್ಲಿ ನಿನ್ನ ಹೆಸರೇ ಇದೆಯಲ್ಲೇ, ಸಾಲದಾ?”

ಮತ್ತೆ ನಗು. ಹೆಬ್ಬೆಟ್ಟು ಬಿತ್ತು. ಎಲ್ಲರೂ ಹೊರಟುಹೋದ ಮೇಲೆ ಅಣ್ಣ ಮಂಚದಿಂದಲೇ ಬೀಗದ ಕೈ ಚಾಚಿದ.

“ಸ್ವಾಧೀನ ಕೊಟ್ಟೆ. ತಗೊಂಡೆ ಅನ್ನು. ಬಾಯಿಬಿಟ್ಟು ಅನ್ನು.”

“ತಗೊಂಡೆ.”

ಅಣ್ಣ ಕಂಬಳಿ ಕಿತ್ತೊಗೆದ. ಎದ್ದ. ನೆಟ್ಟಗೆ ನಡೆದು ಹೊಸ್ತಿಲು ದಾಟಿದ. “ಕಾಲಿಲ್ಲ ಅಂದ್ರಲ್ಲ?” ಎಂದು ವೈರ್‌ಮನ್ ಕೂಗಿದರೆ ಬೀದಿಯ ತಿರುವಿನವರೆಗೂ ಹಿಂತಿರುಗಿ ನೋಡಲಿಲ್ಲ. ಕಳ್ಳ ನನ್ಮಗ, ಕಚೇರಿಗೆ ಅಲೆಯೋ ಸೋಮಾರಿತನಕ್ಕೆ ನಾಟಕ ಆಡಿದ ಎಂದುಕೊಂಡು ವೈರ್‌ಮನ್ ನಕ್ಕ. ಹೆಂಡತಿ ಆಗಲೇ ಬಾಡಿಗೆ ಮನೆಯ ಪಾತ್ರೆ ತರಲು ಹೋಗಿದ್ದಳು. ಒಳಗೆ ಅವನೊಬ್ಬನೇ ಉಳಿದ.

ಸಂಜೆ ಕಪ್ಪಾಗುವಾಗ ಮೊದಲು ಬಂದದ್ದು ವಾಸನೆ. ಕೂದಲು ಸುಟ್ಟ ವಾಸನೆ. ಎಲ್ಲೋ ವೈರು ಸುಡುತ್ತಿದೆ ಎಂದು ಅವನು ಫ್ಯೂಸು ಕಿತ್ತ. ಕಿತ್ತ ಮೇಲೂ ಹಿಂದಿನ ಕೋಣೆಯ ಬಲ್ಬು ಉರಿಯುತ್ತಲೇ ಇತ್ತು. ಗೋಡೆಗೆ ಕಿವಿಯಿಟ್ಟ. ಇಟ್ಟಿಗೆಯೊಳಗೆ ಹೊಲಿಗೆ ಯಂತ್ರ ಓಡುವ ಸದ್ದು. ಟಕಟಕಟಕ. ನಿಂತಿತು. ಮತ್ತೆ ಟಕಟಕಟಕ, ಈ ಸಲ ಬೆನ್ನ ಹಿಂದೆ.

ಅವನು ಮುಂಬಾಗಿಲು ತೆರೆದ. ಬೀದಿ ಕಾಣಿಸುತ್ತಿತ್ತು. ಹೊಸ್ತಿಲು ದಾಟಿದ. ಕಾಲು ಅಡುಗೆಮನೆಯ ಬಚ್ಚಲ ಕಲ್ಲಿನ ಮೇಲೆ ಬಿತ್ತು.

ಹಿಂಬಾಗಿಲಿಂದ ಒಳಗೆ ಬಂದಿದ್ದ.

ತಿರುಗಿದ. ಹಿಂಬಾಗಿಲಿಂದ ಹೊರಗೆ ಹಾರಿದ. ನಡುಮನೆ. ಮತ್ತೆ ಮುಂಬಾಗಿಲು. ಅಡುಗೆಮನೆ. ಕಿಟಕಿಯ ಸರಳು ಬಗ್ಗಿಸಿ ತಲೆ ತೂರಿಸಿದ. ತಲೆ ಹಿಂದಿನ ಕೋಣೆಯೊಳಗೆ ಇಣುಕಿತು. ಓಡಿದ. ಬಿದ್ದ. ಎದ್ದ. ಯಾರೋ ಈ ಬಾಗಿಲನ್ನು ಆ ಬಾಗಿಲಿಗೆ ಸೇರಿಸಿ ಹೊಲಿದಿದ್ದರು, ಚೀಲದ ಬಾಯಿ ಹೊಲಿದ ಹಾಗೆ.

ಸಲಾಕೆಯಿಂದ ಹೊಸ್ತಿಲ ಕಲ್ಲು ಮೀಟಿದ. ಕೆಳಗೆ ಒಂದು ಪುಟ್ಟ ಗಂಟು, ಮುದುಕರು ತೊಡುವ ಅಂಗಿಯ ಬಟ್ಟೆಯದು, ಟೈಲರಕ್ಕನ ಅಪ್ಪನದೇ ಇರಬೇಕು. ಉದ್ದನೆಯ ಕೂದಲಿನಿಂದ ಹೊಲಿದಿದ್ದರು. ಕತ್ತರಿಯಿಂದ ಒಂದು ಹೊಲಿಗೆ ಕತ್ತರಿಸಿದ. ಕೂದಲು ಹುಳುವಿನಂತೆ ಹೊರಳಿ ತಾನೇ ತೂತು ಹುಡುಕಿಕೊಂಡು ಮತ್ತೆ ಹೊಲಿದುಕೊಂಡಿತು.

ಬೆಳಗಾದ ಮೇಲೆ ಕಿಟಕಿಯಿಂದ ಕೂಗಿದ. “ಅಕ್ಕಾ! ನಿನ್ನ ಕಾಲಿಗೆ ಬೀಳ್ತೀನಿ, ಬಿಚ್ಚಕ್ಕಾ!”

ಎದುರು ಜಗಲಿಯಲ್ಲಿ ಟೈಲರಕ್ಕ ದಾರ ಕಚ್ಚಿ ತುಂಡು ಮಾಡಿದಳು. “ನಿನ್ನೆ ಅಮ್ಮ ಅಂದೆ, ಇವತ್ತು ಅಕ್ಕ. ಬಡ್ತಿ ಹೋಯ್ತಲ್ಲೋ ನಂದು.”

“ತಮಾಷೆ ಬೇಡಕ್ಕಾ.”

“ನಿನ್ನೆ ಬೇಕಿತ್ತು. ಸರಿ, ಅರ್ಧ ಮನೆ ನನ್ನ ಹೆಸರಿಗೆ ಬರೆದುಕೊಡು. ಹೊಲಿಗೆ ತಾನಾಗೇ ಬಿಚ್ಕೊಳ್ಳುತ್ತೆ.”

“ಅರ್ಧಾನಾ! ದುಡ್ಡು ಸುರಿದವನು ನಾನು!”

“ಕೊಟ್ಟವನಿಗೆ ಕೊಡೋ ಹಕ್ಕಿತ್ತಾ ಅಂತ ನೋಡ್ದೆ ಸುರಿದೆ. ಅದು ನನ್ನ ತಪ್ಪಾ?” ಅವಳು ಚಕ್ರ ತಿರುಗಿಸಿದಳು. ಟಕಟಕಟಕ. “ಇಲ್ಲ ಅಂದ್ರೆ ನಮ್ಮಣ್ಣ ಮಾಡಿದ ಹಾಗೆ ಮಾಡು. ಪೂರ್ತಿ ಮನೆ ಇನ್ನೊಬ್ಬರ ತಲೆಗೆ ಕಟ್ಟು.”

ಅಷ್ಟರಲ್ಲಿ ಹೆಂಡತಿ ಪಾತ್ರೆಯ ಗಂಟು ಹೊತ್ತು ಒಳಗೆ ಬಂದಳು. ಗೇಟಿನ ಬಳಿ ಮರೆತ ಚೀಲಕ್ಕೆ ಹೊರಗೆ ಹೋದಳು, ಮತ್ತೆ ಬಂದಳು. ಅವಳಿಗೆ ಹೊಸ್ತಿಲು ಬರೀ ಹೊಸ್ತಿಲು. ಅವಳ ಹೆಸರಲ್ಲಿ ಈ ಮನೆಯ ಒಂದು ಇಟ್ಟಿಗೆಯೂ ಇರಲಿಲ್ಲ.

ವೈರ್‌ಮನ್ ಅವಳನ್ನೇ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಮಂಚದ ಮೇಲೆ ಮಲಗಿ ಅಣ್ಣ ಬಿಟ್ಟುಹೋದ ಕಂಬಳಿಯನ್ನು ಸೊಂಟದವರೆಗೆ ಎಳೆದುಕೊಂಡ.

“ಕಾಲು ಏಳ್ತಾ ಇಲ್ಲ ಕಣೇ,” ಎಂದ. “ನನಗೇನಾದ್ರೂ ಆದ್ರೆ ನೀನು ಬೀದಿಗೆ ಬೀಳಬಾರದು. ಮನೇನ ನಿನ್ನ ಹೆಸರಿಗೆ ದಾನಪತ್ರ ಮಾಡಿಬಿಡ್ತೀನಿ.”

ಅವಳು ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಪತ್ರ ಸಿದ್ಧವಾಗುವವರೆಗೂ ದಿನಾ ಎಣ್ಣೆ ತಿಕ್ಕಿದಳು. ಗೋಡೆಯೊಳಗಿನ ಸದ್ದು ಕೇಳಿ “ಇಲಿ ಇರಬೇಕು, ಬೋನು ತರ್ತೀನಿ” ಎಂದಳು. ಅವನು ಹಲ್ಲು ಕಚ್ಚಿ ಮಲಗಿದ. ಬೇರೆಯವರಿಗೆ ಮಾರಿ ಇವಳನ್ನೂ ಬಿಡಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಅರ್ಧ ಮನೆ ಬಿಟ್ಟುಕೊಡುವ ಮಾತನ್ನು ಒಂದು ಸಲವೂ ಹೇಳಿಕೊಳ್ಳಲಿಲ್ಲ.

ಅದೇ ಗುಮಾಸ್ತ ಬಂದ. ಅದೇ ಯಂತ್ರ. “ಏನ್ರೀ, ಈ ಮನೆಯ ಗಾಳಿಗೇ ಕಾಲು ಹಿಡ್ಕೊಳ್ಳುತ್ತಾ?” ಎಂದು ನಕ್ಕ. ಹೆಂಡತಿ ಹೆಬ್ಬೆಟ್ಟೊತ್ತಿ ಶಾಯಿಯಿಲ್ಲದ ಬೆರಳನ್ನೂ ಸೆರಗಿಗೆ ಒರೆಸಿಕೊಂಡಳು, ಮದುವೆಯ ದಿನ ನಕ್ಕಂತೆ ನಕ್ಕಳು.

ಗುಮಾಸ್ತ ಗೇಟು ದಾಟಿದ.

“ಸ್ವಾಧೀನ ಕೊಟ್ಟೆ. ತಗೊಂಡೆ ಅನ್ನು.”

“ಅಯ್ಯೋ, ಅದೇನು ಶಾಸ್ತ್ರಾನೋ. ತಗೊಂಡೆ ರೀ.”

ಕಂಬಳಿ ಕೆಳಗೆ ಬಿತ್ತು. ಅವನು ಎದ್ದ. ಹೊಸ್ತಿಲು. ಉಸಿರು ಹಿಡಿದ. ಕಾಲಿಟ್ಟ. ಮಣ್ಣು. ಬಿಸಿಲು. ಬೀದಿ. ಬೀದಿಯೇ.

“ರೀ! ಕಾಲು ಬಂತಾ? ದೇವರೇ! ನಿಲ್ಲಿ, ನಾನೂ ಬರ್ತೀನಿ!”

ಓಡಿಬರುವ ಗೆಜ್ಜೆಯ ಸದ್ದು ಬಾಗಿಲವರೆಗೆ ಬಂತು. ಅಲ್ಲಿಂದ ತಟ್ಟನೆ ದೂರವಾಯಿತು, ಮನೆಯ ಹಿಂಬದಿಯಿಂದ ಕೇಳತೊಡಗಿತು.

“ರೀ... ಇದೇನಿದು, ಹೊರಗೆ ಬಂದ್ರೆ ಅಡುಗೆಮನೆ... ರೀ?”

ಎದುರು ಜಗಲಿಯಲ್ಲಿ ಟೈಲರಕ್ಕನ ಯಂತ್ರ ನಿಂತಿತು. ಅವಳ ಮುಖದ ಬಣ್ಣ ಇಳಿದಿತ್ತು.

“ಥೂ ಪಾಪಿ, ಅವಳಿಗೆ ಹೇಳಿದ್ಯೇನೋ?”

“ರೀ! ಎಲ್ಲಿದೀರಿ? ರೀ!”

ಅವನು ಅಂಗಿಯ ಗುಂಡಿ ಹಾಕಿಕೊಂಡು ಬೀದಿಯ ತಿರುವಿನತ್ತ ನಡೆದ.