ಅಜ್ಜಿಯ ಮೊರ

ಮುಂಗಾರು ಬಿತ್ತನೆಗೆಂದು ಹೇಮಾವತಿ ಊರಿನ ನಮ್ಮ ಮನೆಯಂಗಳದಲ್ಲಿ ಅಮ್ಮ ಮತ್ತು ಕೇರಿಯ ಹೆಂಗಸರು ಕಡಲೆಕಾಯಿ ಸುಲಿಯುತ್ತಿದ್ದರು. ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಾನು, ನಕ್ಷತ್ರಗಳ ನಡುವಿನ ಮೋಡವೊಂದರಿಂದ ಬಂದ ರೇಡಿಯೊ ಅಲೆಗಳಲ್ಲಿ ಭಾರದ ಇಂಗಾಲ, ಭಾರದ ಆಮ್ಲಜನಕ ಎರಡೂ ಸೇರಿದ ಅಣುವಿನ ಗುರುತು ಹುಡುಕುತ್ತಿದ್ದೆ. ಹಳೆಯ ನಕ್ಷತ್ರಗಳು ಏನೇನು ಬೇಯಿಸಿಟ್ಟು ಹೋದವೆಂದು ಅದು ಹೇಳುತ್ತದೆ. ಸಂಜೆಯೊಳಗೆ ಸಿಗದಿದ್ದರೆ ಎರಡು ವರ್ಷದ ಕೆಲಸಕ್ಕೆ ‘ಇಲ್ಲ’ ಎಂದು ಬರೆಯಬೇಕಿತ್ತು.

“ಲಕ್ಷದಾಗೆ ಒಂದು ತೂಕದ್ದು ಹುಡುಕ್ತೀಯಾ?” ಅಮ್ಮ ನಕ್ಕಳು. “ನಿಮ್ಮಜ್ಜಿ ಅಂಗೈಯಾಗೇ ತೂಗಿ ಹೇಳೋಳು ಕಣಮ್ಮಿ. ಚಿಕ್ಕೋಳಿದ್ದಾಗ ನೀನು, ಅವಳು ಬಿತ್ತಾಕೆ ಆರಿಸಿಟ್ಟಿದ್ದ ಬೀಜ ತಿಂದ್ಬಿಟ್ಟು, ಅಂಥದ್ದೇ ಹುಡುಕಿ ಕೊಡ್ತೀನಿ ಅಂದಿದ್ದೆ. ಇನ್ನೂ ಕೊಟ್ಟಿಲ್ಲ!”

ಮೊದಲ ದಿನದ ದಾಖಲೆಯಲ್ಲಿದ್ದ ಗೆರೆಯ ಸಣ್ಣ ಉಬ್ಬನ್ನು ಉಪಕರಣದ ಗದ್ದಲವೆಂದು ಅಳಿಸಿದೆ. ಒಳಕೋಣೆಯಲ್ಲಿ ಮೊರ ಬಡಿದ ಸದ್ದಾಯಿತು. ಅಜ್ಜಿ ಸತ್ತಾಗಿನಿಂದ ಆ ಕೋಣೆಗೆ ಬೀಗ. ಎರಡನೆಯ ದಿನದ್ದರಲ್ಲೂ ಅದೇ ಜಾಗದಲ್ಲಿ ಉಬ್ಬು, ಅಳಿಸಿದೆ. ಮತ್ತೆ ಸದ್ದು. ಆ ಬಿಸಿಲಲ್ಲೂ ಬಾಗಿಲ ಸಂದಿನಿಂದ ತಣ್ಣನೆ ಗಾಳಿ ಪಾದಕ್ಕೆ ತಾಕಿತು.

ಮೂರನೆಯದನ್ನು ಅಳಿಸಲಿಲ್ಲ. ಅಳಿಸಿದ್ದ ಎರಡನ್ನೂ ಮರಳಿ ತಂದು, ಮೂರನ್ನೂ ಕೂಡಿಸಿದಾಗ ಗುರುತು ಸ್ಪಷ್ಟವಾಗಿ ಎದ್ದಿತು. “ಸಿಕ್ತು!” ಅಂದೆ.

“ನಮ್ಮ ಮನೆ ಕೈಗುಣ ಅದು!” ಅಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಸಂಜೆ ರಾಶಿಯಲ್ಲೇ ತೂಕದ ಬೀಜವೊಂದನ್ನು ಆರಿಸಿ, ಒಳಕೋಣೆ ತೆರೆದು ಅಜ್ಜಿಯ ಮೊರದಲ್ಲಿಟ್ಟು, ಮತ್ತೆ ಬೀಗ ಹಾಕಿದೆ. ರಾತ್ರಿಯಿಡೀ ಕೀಲಿ ನನ್ನ ಸೆರಗಿನಲ್ಲೇ ಇತ್ತು. ಬೆಳಿಗ್ಗೆ ತೆರೆದಾಗ ಮೊರದಲ್ಲಿ ಉಳಿದಿದ್ದು ಬೀಜದ ಕೆಂಪು ಸಿಪ್ಪೆ ಮಾತ್ರ.