ಫೋಟೊದ ಮೂಲೆಯ ಕೆಂಪು ಚುಕ್ಕಿ

ಕಾಲೇಜಿನ ಗೇಟಿನಲ್ಲೇ ಸೋನಾಲಿ ತನ್ನ ಫೋನನ್ನು ರಮಿತಾಳ ಮುಖಕ್ಕೆ ಹಿಡಿದಳು.

"ಯೇ ಕ್ಯಾ ಹೈ?"

ರಮಿತಾ ಬಾಗಿ ನೋಡಿದಳು. ತನ್ನ ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆಂದು ಸೋನಾಲಿ ರಮಿತಾ ಒಬ್ಬಳಿಗೇ ಅತ್ತುಕೊಂಡು ಬರೆದಿದ್ದ ಮೆಸೇಜು — ಅದರ ಫೋಟೊ ಸೋನಾಲಿಯ ಬಿಲ್ಡಿಂಗಿನ ಗ್ರೂಪಿನಲ್ಲಿ ಓಡಾಡುತ್ತಿತ್ತು!

"ನಾನು ಯಾರಿಗೂ ತೋರಿಸಿಲ್ಲ, ಕಸಮ್ ಸೆ!"

"ಫಿರ್ ಕೈಸೆ ಗಯಾ?"

ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿ ತಿರುಗಿಯೂ ನೋಡದೆ ಹೋದಳು. ಕಳ್ಳ ಸಿಕ್ಕದೆ ಅವಳು ಮರಳಿ ಬರುವವಳಲ್ಲ. ರಮಿತಾಗೆ ಅದು ಚೆನ್ನಾಗಿ ಗೊತ್ತಿತ್ತು.

ಸಂಜೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ರಮಿತಾಳ ಮನೆಯಲ್ಲಿ ವಿಚಾರಣೆ. ನಡೆಸಿದವರು ಎದುರು ಫ್ಲಾಟಿನ ನೀಲಗಂಗಾ ಆಂಟಿ. ಲೋಕಲ್ ಟ್ರೇನುಗಳಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ರಿಟೈರಾದ ವಿಜಯಪುರದ ಹೆಂಗಸು. ಅವರ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

"ಈ ಫೋನ್ ಯಾರ್ಯಾರ ಕೈಗೆ ಸಿಗತೈತಿ?"

"ನಾನು ನೋಡುದುಂಟು," ಎಂದಳು ತಾಯಿ ಲೋಲಾಕ್ಷಿ. "ಅವಳ ಎದುರೇ. ಆದರೆ ಈ ಮೆಸೇಜು ನಾನು ಓದ್ಲೇ ಇಲ್ಲ."

"ನೀ?"

"ಪಾಸ್‌ವರ್ಡ್ ಮಾಲೂಮ್ ಹೈ, ಆಂಟಿ," ಎಂದ ಅಣ್ಣ ಯತಿನ್. "ಆದ್ರೆ ನಾನು ಈ ವಾರವಿಡೀ ಕಳಂಬೋಲಿಯಲ್ಲಿ ಡ್ಯೂಟಿ. ಫೋನ್ ಮುಟ್ಟಿಯೇ ಇಲ್ಲ."

ನೌಪಾಡಾದಲ್ಲಿ ಹೋಟೆಲು ನಡೆಸುವ ತಂದೆ ಧರ್ಮಪಾಲ ಕೈಕೊಡವಿದ. "ಆದದ್ದು ಆಯ್ತು ಮಾರಾಯ್ರೆ. ಇವಳಿಗೆ ಫೋನೇ ಬೇಡ. ರಗಳೆ ಮುಗಿಯಿತಲ್ಲ?"

ಫೋನು ಹೋದರೆ ಸೋನಾಲಿ ಬರುತ್ತಾಳೆಯೇ? ರಮಿತಾಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯಿತು.

ನೀಲಗಂಗಾ ರಮಿತಾಳ ಫೋನಿಗೂ ಬಂದು ತಲುಪಿದ್ದ ಆ ಫೋಟೊವನ್ನು ದೊಡ್ಡದು ಮಾಡಿದರು. "ಮೂಲ್ಯಾಗ ಈ ಕೆಂಪು ಏನವ್ವಾ?"

"ನೋಟಿಫಿಕೇಶನ್ ಚುಕ್ಕಿ. ಎಲ್ಲರೂ ಹಾಗೇ ಅಂದ್ರು," ಎಂದಳು ರಮಿತಾ.

"ಹೌದಾ? ನಾಳೆ ಮುಂಜಾನೆ ಎಲ್ಲಾರೂ ಕೂಡಿ ನೌಪಾಡಾದಾಗ ಇಡ್ಲಿ ತಿನ್ನೂಣು ನಡೀರಿ."

ಮರುದಿನ ಇಡ್ಲಿ ಬಂತು. ನೀಲಗಂಗಾ ಅದನ್ನು ಮುಟ್ಟಲಿಲ್ಲ. ಸೀದಾ ಹಣ ಕಟ್ಟುವ ಗಲ್ಲೆಯ ಬಳಿ ಹೋಗಿ ಕಂಪ್ಯೂಟರಿನ ಮುಂದೆ ನಿಂತರು.

"ಬಾ ರಮಿತಾ. ನಿನ್ನ ಚುಕ್ಕಿ ಇಲ್ಲೈತಿ ನೋಡು. ಪೂಜಿಗೆ ಬಂದಾಗ ನೋಡಿದ್ದು ನೆನಪಾತು."

ಪರದೆಯ ಚೌಕಟ್ಟಿನ ಮೇಲೆ ಕುಂಕುಮದ ಬೊಟ್ಟು! ಆಯುಧಪೂಜೆಯ ದಿನ ಗ್ರೈಂಡರಿಗೆ, ಗಲ್ಲೆಗೆ, ಕಂಪ್ಯೂಟರಿಗೆ ಅಪ್ಪನೇ ಹಚ್ಚಿದ್ದು.

"ನೋಟಿಫಿಕೇಶನ್ ಪರದೆ ಒಳಗಿರತೈತಿ. ಇದು ಚೌಕಟ್ಟಿನ ಮ್ಯಾಲೈತಿ — ಅಂದ್ರ ಫೋಟೊ ಹೊಡದದ್ದು ಈ ಕಂಪ್ಯೂಟರಿಂದು. ರಮಿತಾ, ನಿನ್ನ ವಾಟ್ಸಾಪ್ ಎಲ್ಲೆಲ್ಲಿ ಜೋಡಣಿ ಆಗೈತಿ, ತಗದು ನೋಡು."

ರಮಿತಾ ನೋಡಿದಳು. ಒಂದು ಕಂಪ್ಯೂಟರ್ — ಫೋನು ಕೊಡಿಸಿದ ದಿನದಿಂದಲೇ!

"ಹೊಸ ಫೋನ್ ಚಾಲೂ ಮಾಡಿಕೊಟ್ಟವರು ನೀವ, ಧರ್ಮಪಾಲರ. ದಿನಾ ಹನ್ನೊಂದಕ್ಕ ಇವತ್ತಿನ ಸ್ಪೆಷಲ್ ಬೋರ್ಡಿನ ಫೋಟೊ ಗಿರಾಕಿಗಳ ಗ್ರೂಪಿಗೆ ಹಾಕವರೂ ನೀವ. ಇಲ್ಲೇ ಕುಂತು ಮಗಳ ಮೆಸೇಜ್ ಓದಿ, ಹೆಂಡ್ತಿಗೆ ಕಳಸಾಕಂತ ಹೊಡದ ಫೋಟೊನ ರೂಢಿ ಬಿದ್ದ ಬೆರಳು ಗ್ರೂಪಿಗೆ ಕಳಿಸಿಬಿಟ್ಟೈತಿ. ಖರೆ ಹೌದಲ್ಲೊ?"

ಧರ್ಮಪಾಲ ಸ್ಟೂಲು ಎಳೆದುಕೊಂಡು ಕೂತ. "ಒಂದೇ ನಿಮಿಷದಲ್ಲಿ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಸೋನಾಲಿಯ ಬಿಲ್ಡಿಂಗಿನ ಗಿರಾಕಿ ಯಾರೋ ಮುಂದೆ ಕಳಿಸಿಯಾಗಿತ್ತು... ಆ ಮನೆಯಲ್ಲಿ ಜಗಳ ಉಂಟು, ಇವಳಿಗೆ ಆ ದೋಸ್ತಿ ಬೇಡ ಅಂತ ಲೋಲಾಕ್ಷಿಗೆ ಹೇಳುವಾ ಅಂತಿದ್ದೆ. ಪೇಪರಲ್ಲಿ ದಿನಾ ಎಂತೆಂತದೋ ಓದಿ ಹೆದರಿಕೆ ಆಗ್ತದೆ, ಮಗಾ."

ರಮಿತಾಳ ಕಣ್ಣು ತುಂಬಿತು. "ನನಗೂ ಒಬ್ಬ ಗಂದಾ, ಕೊಳಕು ಮೆಸೇಜ್ ಹಾಕಿದ್ದ ಪಪ್ಪಾ. ನಾನೇ ಬ್ಲಾಕ್ ಮಾಡ್ದೆ. ಕೇಳಿದ್ರೆ ಹೇಳ್ತಿದ್ದೆ."



"ತಪಾಸಣಿ ಬ್ಯಾಡ ಅನ್ನಂಗಿಲ್ಲ ನಾ," ಎಂದರು ನೀಲಗಂಗಾ. "ಅದರ ಮ್ಯಾಲ ಮೂವತ್ತು ವರ್ಷ ಉಂಡಾಕಿ. ಆದ್ರ ನಾವು ಎದುರು ನಿಂತು ಟಿಕೆಟ್ ಕೇಳ್ತಿದ್ವಿ. ಯಾರ ಕಿಸೆದಾಗೂ ಕೈ ಹಾಕಲಿಲ್ಲ."

ಧರ್ಮಪಾಲ ಕಂಪ್ಯೂಟರಿನ ಜೋಡಣೆಯನ್ನು ಮಗಳ ಎದುರೇ ಕಿತ್ತುಹಾಕಿದ. ಆಮೇಲೆ, ಊಟದ ಗಿರಾಕಿಗಳು ನುಗ್ಗುವ ಹೊತ್ತಿಗೆ, ಗಲ್ಲೆ ಬಿಟ್ಟು ಸೋನಾಲಿಯ ಬಾಗಿಲು ತಟ್ಟಿದ.

"ಗಲ್ತಿ ಮೇರಾ ಹೈ, ಬೇಟಾ. ರಮಿತಾ ಕಾ ನಹೀ," ಎಂದು ತಪ್ಪೊಪ್ಪಿಕೊಂಡ.

ಸೋನಾಲಿ ಅವನನ್ನು ದುರುಗುಟ್ಟಿ ನೋಡಿದಳು. ಅವನ ಬೆನ್ನ ಹಿಂದೆ ನಿಂತಿದ್ದ ರಮಿತಾಳನ್ನೂ ನೋಡಿ ಬಾಗಿಲನ್ನು ಪೂರ್ತಿ ತೆರೆದಳು.

"ಬಾಹರ್ ಕ್ಯಾ ಖಡೀ ಹೈ? ಅಂದರ್ ಆ."

ಆ ಸಂಜೆ ಧರ್ಮಪಾಲನ ಕೈ ಮಗಳ ಫೋನಿನತ್ತ ಚಾಚಿತು. ತಟ್ಟನೆ ಹಿಂದೆಳೆದುಕೊಂಡ.

"ನೋಡಬಹುದಾ, ಮಗಾ?"

ರಮಿತಾ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

"ನೋಡಿ ಪಪ್ಪಾ. ಸೋನಾಲಿಯದೊಂದು ಬಿಟ್ಟು."