ಕೊಳೆತ ಕೋಸಿನ ರಿಪೋರ್ಟು

ತರಕಾರಿ ಬೆಳೆಗಳ ರೋಗ ಪತ್ತೆ ಮಾಡುವ ನಮ್ಮ ಲ್ಯಾಬಿಗೆ ಆ ರೈತರು ಮೊದಲ ಸಲ ತಂದ ಕೋಸು ಮದುವಣಗಿತ್ತಿಯಂತಿತ್ತು. ಕೊಳೆತ ಎಲೆಗಳನ್ನೆಲ್ಲ ಕಿತ್ತು, ತೊಳೆದು, ಒರೆಸಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು.

"ರೋಗ ಎಲ್ಲಿ?" ಎಂದೆ.

"ನಾಲ್ಕು ಜನ ಕೆಲಸ ಮಾಡೋ ಜಾಗ. ವಾಸನೆ ಬರುತ್ತೆ ಅಂತ ಅದನ್ನ ಕತ್ತರಿಸಿ ಬಿಸಾಕ್ದೆ."

"ಹಲ್ಲುನೋವು ಅಂತ ಡಾಕ್ಟರ್ ಹತ್ರ ಹೋಗೋವಾಗ ಹಲ್ಲನ್ನ ಮನೇಲಿ ಬಿಟ್ಟು ಹೋಗ್ತೀರಾ?"

ಅವರ ಕಿವಿ ಕೆಂಪಾಯಿತು. ಇಷ್ಟು ವರ್ಷವಾದರೂ ಆ ಕಿವಿಗಳು ನನ್ನ ಕಣ್ಣಿಗೆ ಕಟ್ಟಿದಂತಿವೆ.

ಮರುದಿನ ನಿಜವಾದ ಕೊಳೆತ ಕೋಸು ಬಂತು. ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲವಂತೆ. ಕೊಳೆತದ್ದೂ ಚೆನ್ನಾಗಿರುವುದೂ ಸೇರುವ ಅಂಚಿನಿಂದ ಚೂರು ತೆಗೆದು ಪ್ಲೇಟಿನಲ್ಲಿ ಬೆಳೆಸಿದೆ. ಬೆಳೆದದ್ದನ್ನು ಆಲೂಗಡ್ಡೆ ಬಿಲ್ಲೆಗಳ ಮೇಲೆ ಸವರಿಟ್ಟೆ. ಫಲಿತಾಂಶದ ದಿನ ಅವರೂ ಬಂದು ನನ್ನ ಹೆಗಲ ಪಕ್ಕ ಬಗ್ಗಿ ನೋಡಿದರು. ಬಿಲ್ಲೆಗಳು ಕರಗಿ ಗಂಜಿಯಾಗಿದ್ದವು. ಬಿಲ್ಲೆ ನೋಡಬೇಕಾದ ನಾನು ಅವರ ಕಣ್ರೆಪ್ಪೆ ನೋಡುತ್ತಿದ್ದೆ.

"ಬ್ಯಾಕ್ಟೀರಿಯಾನೇ," ಎಂದೆ. "ಮೆತ್ತಗಾದ ಗಿಡ ಕಿತ್ತು ಹಾಕಿ, ಮೇಲಿಂದ ನೀರು ಹಾಯಿಸ್ಬೇಡಿ. ಯಾವುದು ಅಂತ ಹೇಳೋಕೆ ಇನ್ನೂ ಟೆಸ್ಟ್ ಇದೆ."

"ಹಾಗಾದ್ರೆ ಹೆಸರು ಗೊತ್ತಾದ್ಮೇಲೇನೇ ಹೊಸ ಸಸಿ ನೆಡ್ತೀನಿ."

ನಾಲ್ಕು ದಿನದಲ್ಲಿ ಹೆಸರು ಗೊತ್ತಾಯಿತು: ಪೆಕ್ಟೊಬ್ಯಾಕ್ಟೀರಿಯಂ. ರಿಪೋರ್ಟು ಬರೆದು ಡ್ರಾಯರಿನಲ್ಲಿಟ್ಟೆ. ಕೊಟ್ಟರೆ ಅವರು ಮತ್ತೆ ಬರುವುದಿಲ್ಲವಲ್ಲ. ದಿನ ಬಿಟ್ಟು ದಿನ ಬಂದು, ಬಾಗಿಲಿಗೆ ಒರಗಿ ನಗುತ್ತ, "ನಮ್ಮ ಕಳ್ಳ ಸಿಕ್ಕಿದ್ನಾ?" ಎನ್ನುವರು. "ಇನ್ನೊಂದು ಟೆಸ್ಟ್ ಬಾಕಿ," ಎನ್ನುವೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮುಖ ನೋಡದೆ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಅವರು ನಗಲಿಲ್ಲ.

"ಟ್ರೇನಲ್ಲಿರೋ ಸಸಿ ಬಲಿತು ಹೋಗ್ತಿವೆ. ನಾಳೆ ಎಸೀಬೇಕು. ಅಮ್ಮ ಕೂತು ಒಂದೊಂದೇ ಬೀಜ ಹಾಕಿದ್ರು."

ಡ್ರಾಯರ್ ಎಳೆದು ರಿಪೋರ್ಟನ್ನು ಅವರ ಕೈಗಿಟ್ಟೆ.

ಅವರು ತಾರೀಖು ಓದಿದರು. "ಇದು ಹನ್ನೆರಡು ದಿನದ ಹಿಂದಿಂದು."

"ಹೌದು. ಕೊಟ್ಟಿದ್ರೆ ನೀವು ಬರ್ತಿರ್ಲಿಲ್ಲ. ನಂಗೆ ನಿಮ್ಮನ್ನ ನೋಡ್ಬೇಕಿತ್ತು. ತಪ್ಪಾಯ್ತು."

ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದರು. ಎಲ್ಲ ಮುಗಿಯಿತು ಎಂದುಕೊಂಡೆ.

"ಸಸಿ ವಿಷಯಕ್ಕೆ ಸಿಟ್ಟಿದೆ," ಎಂದರು ತಿರುಗಿ ನೋಡದೆ. "ಅದು ಇರುತ್ತೆ. ಆದ್ರೆ ಒಂದು ಮಾತು ಹೇಳಿದ್ರೆ ಸಾಕಿತ್ತಲ್ರೀ. ಏನೂ ಕೊಳೀದೇನೇ ಬರ್ತಿದ್ದೆ."

ಮರುದಿನ ರಜೆ ಹಾಕಿ ಅವರ ತೋಟಕ್ಕೆ ಹೋದೆ. ಬದುಕುವಂತಿದ್ದ ಸಸಿಗಳನ್ನು ಆರಿಸಿ, ಬೇರೆ ಪಾತಿಯಲ್ಲಿ ಮೂವರೂ ಕೂಡಿ ನೆಟ್ಟೆವು. ಸಂಜೆ ಅವರ ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಸಾಲುಗಳನ್ನು ಉದ್ದಕ್ಕೂ ನೋಡಿದರು.

"ಸೊಟ್ಟಗಿವೆ," ಎಂದರು ಮಗನಿಗೆ. "ಪರವಾಗಿಲ್ಲ. ಮನೇಲೇ ಇದ್ರೆ ಕಲೀತಾಳೆ."